ಅಜ್ಜಿಯ ಕೌದಿ ಪುಸ್ತಕದ ಹೊದಿಕೆ

ಅಜ್ಜಿ ಕೈಯಾರೆ ಬರೆದ ಕೌದಿ ಹೊಲಿಗೆಯ ಪುಸ್ತಕವನ್ನು ಮುದ್ರಿಸುತ್ತೇವೆಂದು ಒಯ್ದ ಪ್ರಕಾಶನ ಸಮಿತಿಯವರು, ಹೋದ ವಾರ ಅದರ ಹೊದಿಕೆ ಕಿತ್ತು ಬರೀ ಹಾಳೆಗಳನ್ನು ಹಿಂತಿರುಗಿಸಿದರು. ಹೊಸ ಪುಸ್ತಕಕ್ಕೆ ಪ್ಲಾಸ್ಟಿಕ್ ವಾಸನೆ. ಮುಖಪುಟದ ತುಂಬ ಅಧ್ಯಕ್ಷರ ನಗು. ಹೇಸಿಗೆಯಾಯಿತು.

ನಾನು ಚಿಕ್ಕವಳಿದ್ದಾಗ ಹುಕ್ಕೇರಿಯಲ್ಲಿ ಪುಸ್ತಕ ಕಟ್ಟುತ್ತಿದ್ದ ಹುಸೇನ್ ಕಾಕಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ಒಳಗೇನಿದೆ ಎಂದು ಕೇಳದೆ ಅವರು ರಟ್ಟು ಕತ್ತರಿಸುತ್ತಿರಲಿಲ್ಲ. ಅಜ್ಜಿ ತನ್ನ ಹಾಳೆಗಳನ್ನು ಕಟ್ಟಿಸಲು ಒಯ್ದಾಗಲೂ ಹಾಗೇ ಕೇಳಿದರು.

"ಕೌದಿ ಹೊಲಿಯೂದು ಹೆಂಗಂತ ಬರದೀನಪ್ಪಾ," ಎಂದಳು ಅಜ್ಜಿ.

"ಹಂಗಾರ ನಿಮ್ಮ ಹಳೀ ಸೀರಿ ಕೊಡ್ರಿ ಅವ್ವಾರ. ಇದಕ್ಕೂ ಕೌದಿ ಹೊಚ್ಚೂಣು."

"ಥಂಡ್ಯಾಗ ಪುಸ್ತಕಾನ ಹೊಚ್ಕೊಂಡು ಮಲಗ್ಲೇನೋ ಹುಸೇನಾ?"

ಕಾಕಾ ನಗುತ್ತ ಸೀರೆಯ ತುಂಡುಗಳನ್ನು ಜೋಡಿಸಿ, ಅಜ್ಜಿಯಿಂದಲೇ ಹೊಲಿಸಿ, ರಟ್ಟಿಗೆ ಅಂಟಿಸಿದರು. ಓದು ಬಾರದ ಓಣಿಯ ಹೆಂಗಸರು ಆ ಹೊದಿಕೆಯ ಮೇಲೆ ಬೆರಳಾಡಿಸಿಯೇ ಹೊಲಿಗೆ ಕಲಿತರು.

ಅದನ್ನು ಕಿತ್ತವರು ಯಾರು? ಈಗ ಎಲ್ಲಿಟ್ಟಿದ್ದೀರಿ? ಅಧ್ಯಕ್ಷರೇ, ನಮ್ಮ ಓಣಿಯ ವಾಚನಾಲಯಕ್ಕೆ ಬಂದು ಆ ಹೆಂಗಸರ ಮುಂದೆ ನಿಂತು ಉತ್ತರ ಕೊಡಿ.