ಖರೇ ಪುಸ್ತಕ, ಸುಳ್ಳ ಪುಸ್ತಕ

ಸೇಡಂ ಬಸ್ ನಿಲ್ದಾಣದ ಎದುರಿನ ಪುಸ್ತಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ ನನಗೊಂದು ಹೆಮ್ಮೆಯಿತ್ತು. ಕನ್ನಡದಲ್ಲಿ ಎಂ.ಎ. ಮಾಡಿದವನು. ಕಾದಂಬರಿ, ಆತ್ಮಕಥೆ, ಪ್ರವಾಸ ಕಥನ, ವೈಚಾರಿಕ ಬರಹ ಎಂದು ಕಪಾಟುಗಳನ್ನು ವಿಂಗಡಿಸಿ ಒಂದೊಂದಕ್ಕೂ ಚೀಟಿ ಅಂಟಿಸಿದೆ. ಮಾಲೀಕರು ದೂರ ನಿಂತು ನೋಡಿ, "ಛಂದ ಆಗ್ಯಾವ. ಆದ್ರ ಯಾರೂ ಓದಂಗಿಲ್ಲ ನೋಡ್ರಿ" ಎಂದರು. ಅವರು ಹೇಳಿದ್ದು ಚೀಟಿಗಳ ಬಗ್ಗೆಯೋ ಪುಸ್ತಕಗಳ ಬಗ್ಗೆಯೋ ಎಂಬುದು ನನಗೆ ಇವತ್ತಿಗೂ ಸ್ಪಷ್ಟವಾಗಿಲ್ಲ.

ನಮ್ಮ ಗಿರಾಕಿಗಳಿಗೆ ಪುಸ್ತಕದಲ್ಲಿ ಇರುವುದು ಎರಡೇ ಬಗೆ. ಚಿಂಚೋಳಿಯಿಂದ ಬಸ್ಸಿನಲ್ಲಿ ಬರುವ ಮಾಸ್ತರಿರಲಿ, ಚಿತ್ತಾಪುರದಿಂದ ರೈಲಿನಲ್ಲಿ ಬರುವ ಗುಮಾಸ್ತರಿರಲಿ, ನಾನು ಒಂದು ಪುಸ್ತಕವನ್ನು ಹೊಗಳಿ ಕೈಗಿಟ್ಟರೆ ಕೇಳುತ್ತಿದ್ದುದು ಒಂದೇ ಮಾತು: "ಇದು ಖರೇದೇನ್ರಿ, ಸುಳ್ಳಂದೇನ್ರಿ?" ಖರೇ ಎಂದರೆ ನಿಜವಾಗಿ ನಡೆದದ್ದು. ಸುಳ್ಳು ಎಂದರೆ ಬರೆದವರು ಕಟ್ಟಿದ್ದು. ನಮ್ಮ ಕಡೆ ವ್ಯರ್ಥವಾದದ್ದಕ್ಕೂ ಸುಳ್ಳು ಎಂದೇ ಹೇಳುತ್ತಾರೆ. 'ಸುಳ್ಳ ಬಂದೆ' ಎಂದರೆ ಬಂದದ್ದು ದಂಡವಾಯಿತು ಎಂದರ್ಥ. ಹೀಗಾಗಿ ಕಾದಂಬರಿಯ ಮೇಲೆ ಒಂದೇ ಪದದಲ್ಲಿ ಎರಡು ಆರೋಪ.

ಖರೇ ಪುಸ್ತಕಗಳು ಚೆನ್ನಾಗಿ ಹೋಗುತ್ತಿದ್ದವು. ಎಲೆಯ ರಸ ಕುಡಿದು ಸಕ್ಕರೆ ಕಾಯಿಲೆ ಓಡಿಸುವುದು ಖರೇ. ಸೂರ್ಯ ಹುಟ್ಟುವ ಮೊದಲೇ ಎದ್ದು ಶ್ರೀಮಂತರಾಗುವುದು ಖರೇ. ಈ ಎರಡನೆಯದನ್ನು ವಾಡಿಯ ಕಾರ್ಖಾನೆಯೊಂದರಲ್ಲಿ ದುಡಿಯುವ ಒಬ್ಬರು ಭಕ್ತಿಯಿಂದ ಒಯ್ದರು. ಅವರದು ಕಾಯಂ ರಾತ್ರಿ ಪಾಳಿ. ಸೂರ್ಯ ಹುಟ್ಟುವಾಗ ಮಲಗುವವರು.

ಕಳೆದ ವರ್ಷ ಮಳೆಗಾಲ ಶುರುವಾದಾಗ ನಮ್ಮ ತಾಲೂಕಿನದೇ ಮುಧೋಳದ ಕಡೆಯ ಹಳ್ಳಿಯಿಂದ ಅತ್ತೆ ಸೊಸೆ ಬಂದರು. ಸೊಸೆ ಬಿ.ಎ. ಓದಿದಾಕೆ. ಅತ್ತೆಗೆ ಅಕ್ಷರ ಬಾರದು. ಮಧ್ಯಾಹ್ನ ಅತ್ತೆ ಬೇಳೆ ಹಸನು ಮಾಡುವಾಗ ಸೊಸೆ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಬೇಕು. ಅದು ಆ ಮನೆಯ ಪದ್ಧತಿ. ಅತ್ತೆ ಹೊರಗೆ ಬಾಳೆಹಣ್ಣಿನವನ ಜೊತೆ ಚೌಕಾಸಿ ಮಾಡುತ್ತಿದ್ದಾಗ ಸೊಸೆ ಒಳಗೆ ಬಂದು ಮೆಲ್ಲಗೆ ಹೇಳಿದಳು:

"ಅಣ್ಣಾರ, ಒಂದು ಛಲೋ ಕಾದಂಬರಿ ಕೊಡ್ರಿ. ಅತ್ತಿ ಕೇಳಿದ್ರ ಸುಳ್ಳಂದು ಅನಬ್ಯಾಡ್ರಿ. ಅಂದ್ರ ಓದೋದೇ ಬಂದ್ ಮಾಡಸ್ತಾರ. ಇಡೀ ದಿನದಾಗ ನನಗಂತ ಇರೋದು ಅದೊಂದೇ ತಾಸು."

ನಾನು ಶಹಾಬಾದಿನವನು. ದಿನವೂ ವಾಡಿಯಲ್ಲಿ ರೈಲು ಬದಲಿಸಿ ಸೇಡಮ್ಮಿಗೆ ಬರುತ್ತೇನೆ. ಊರಿನ ಅಭಿಮಾನದಿಂದ, ಹಸುಗೂಸನ್ನೆತ್ತಿಕೊಂಡು ಗಂಡನ ಮನೆ ಬಿಟ್ಟು ಶಹಾಬಾದಿನ ಕಲ್ಲುಗಣಿಗೆ ಬಂದ ಹೆಂಗಸೊಬ್ಬಳ ಕಾದಂಬರಿ ತೆಗೆದುಕೊಟ್ಟೆ. ಅಷ್ಟರಲ್ಲಿ ಅತ್ತೆ ಬಂದರು.

"ಖರೇದದ ಏನು, ತಮ್ಮಾ?"

ನಾನು ಬಾಯಿ ತೆರೆಯುವ ಮೊದಲೇ ಸೊಸೆ, "ಖರೇದೇ ಅದ ಅತ್ತಿ. ಶಹಾಬಾದದಾಗ ನಡದದ್ದು" ಎಂದಳು. ಅತ್ತೆ ನನ್ನ ಮುಖ ನೋಡಿದರು. ನಾನು ಪುಸ್ತಕದ ಧೂಳು ಒರೆಸಿದೆ. ಹೊಸ ಪುಸ್ತಕ, ಧೂಳಿರಲಿಲ್ಲ.

ಕೆಲವು ವಾರಗಳ ನಂತರ, ಮಳೆ ಜಿಟಿಜಿಟಿ ಹಿಡಿದಿದ್ದ ಮಧ್ಯಾಹ್ನ, ಅತ್ತೆ ಒಬ್ಬರೇ ಬಂದರು. ಸೀರೆಯ ಅಂಚು ಕೆಸರಾಗಿತ್ತು. ಕಂಕುಳಲ್ಲಿ ಒಂದು ಗಂಟು.

"ತಮ್ಮಾ, ಆಕಿ ಎಲ್ಲಿ ಇರ್ತಾಳ?"

"ಯಾರ್ರಿ, ಅವ್ವಾ?"

"ಅಕೀನಪ್ಪಾ, ಕೂಸಿನಾಕಿ. ನಿನ್ನ ಪುಸ್ತಕದಾಕಿ."

ಅವರು ಶಹಾಬಾದಿಗೆ ಹೋಗಿ, ಗಣಿ ಗಣಿ ತಿರುಗಿ, ಅಲ್ಲಿಂದ ನೇರ ನಮ್ಮ ಅಂಗಡಿಗೆ ಬಂದಿದ್ದರು.

"ಕೇಳಿದ್ರ ಎಲ್ಲಾರೂ ನಗತಾರ. ಒಬ್ಬಾಂವ ಅಂತಾನ, ಬರೇ ಹೆಸರ ಹೇಳಿದ್ರ ಹ್ಯಾಂಗವ್ವಾ, ಯಾ ಮೇಸ್ತ್ರಿ ಕೈಯಾಗ ಅದಾಳ ಹೇಳು ಅಂತ. ಪುಸ್ತಕದಾಗ ಮೇಸ್ತ್ರಿ ಹೆಸರೇ ಹಾಕಿಲ್ಲ. ಸುಳ್ಳ ಅಡ್ಡಾಡಿ ಬಂದೆ."

"ಆಕಿ ಯಾಕ ಬೇಕಿತ್ತರಿ?"

"ಯಾಕ ಅಂತೀಯಲ್ಲ! ಬರದಂವ ಎಂಥಾ ಮನಿಶ್ಯಾ ಅಂವ? ಅಂಥಾ ಮಳ್ಯಾಗ, ಕೂಸಿನ ಸಂಗಾಟ ಆಕೀನ್ನ ಬಸ್ ಸ್ಟಾಪಿನ್ಯಾಗ ನಿಂದ್ರಿಸಿ, ಮುಗೀತು ಅಂತ ಬರದು ಹೋಗ್ಯಾನ. ಅಂವಗ ಮನಿಮಾರು ಇಲ್ಲೇನು? ಕರಕೊಂಡು ಹೋಗಬಾರದಾಗಿತ್ತೇನು?"

ಮುಕ್ತ ಅಂತ್ಯದ ಸೊಗಸಿನ ಮೇಲೆ ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು. ಒಳ್ಳೆಯ ಅಂಕವೂ ಬಂದಿತ್ತು. ಅದರಲ್ಲಿ ಈ ಪ್ರಶ್ನೆಗೆ ಹೊಂದುವ ಒಂದು ಸಾಲೂ ಇರಲಿಲ್ಲ.

ಅವರು ಗಂಟು ಬಿಚ್ಚಿ ತೋರಿಸಿದರು. ಉಟ್ಟು ಮೆತ್ತಗಾದ ಎರಡು ಸೀರೆ, ಕೂಸಿಗೊಂದು ಕುಲಾಯಿ. "ನಮ್ಮ ಹಿಂದಿನ ಖೋಲಿ ಖಾಲಿ ಅದ. ಬ್ಯಾಳಿ ಹಸನ ಮಾಡಿಕೋತ ಇರ್ಲಿ, ಪಾಪ."

ನಿಜ ಹೇಳಿದರೆ ಸೊಸೆಯ ತಾಸು ಹೋಗುತ್ತದೆ. ಹೇಳದಿದ್ದರೆ ಈ ಹಿರಿಯರು ನಾಳೆ ಮತ್ತೆ ಗಣಿಯ ಕೆಸರಿನಲ್ಲಿ, ಜಾರುವ ಕಲ್ಲುಗಳ ಮೇಲೆ. ಆ ಕೆಸರಂಚನ್ನು ನೋಡುತ್ತಲೇ ಹೇಳಿದೆ:

"ಅವ್ವಾ, ಅದು ಕಾದಂಬರಿರಿ. ಬರದವರು ತಲ್ಯಾಗ ಕಟ್ಟಿದ್ದು."

"ಅಂದ್ರ ಸುಳ್ಳು?"

"ಹೌದ್ರಿ."

"ಆಕಿ ಎಲ್ಲೂ ಇಲ್ಲ?"

"ಇಲ್ರಿ."

"ಮಳ್ಯಾಗ ನಿಂತಿಲ್ಲ?"

"ಇಲ್ರಿ."

ಅವರು ಸ್ಟೂಲಿನ ಮೇಲೆ ಕುಳಿತರು. ಸೊಸೆಗೆ ಬೀಳಬೇಕಾದ ಬೈಗುಳವನ್ನು ಮೊದಲು ನಾನು ಕೇಳಬೇಕಾದೀತೆಂದು ಕಾದೆ. ಅವರು ದೊಡ್ಡದಾಗಿ ಉಸಿರು ಬಿಟ್ಟರು.

"ಪಾರಾದೆ, ಯಪ್ಪಾ. ಅದನ್ನ ಕೇಳಿದಾಗಿಂದ ಕಣ್ಣಿಗೆ ಕಣ್ಣ ಹಚ್ಚಿಲ್ಲ ನಾ." ಗಂಟು ಕಟ್ಟಿಕೊಳ್ಳುತ್ತ ತಲೆಯೆತ್ತಿದರು. "ಮತ್ತ ನನ್ನ ಸೊಸಿ ಖರೇ ಅಂದ್ಳಲ್ಲ?"

"ಅವರಿಗೂ ಗೊತ್ತಾಗಿರಲಿಕ್ಕಿಲ್ರಿ."

"ಕಲತಾಕಿ ಅಂತ ಹುಡುಕಿ ತಂದೆ. ಖರೇ ಯಾವುದು, ಸುಳ್ಳು ಯಾವುದು ತಿಳಿಯಂಗಿಲ್ಲ ಆಕೀಗ!" ಎಂದು, ಬಹಳ ಹಗುರಾಗಿ, ಬಸ್ಸಿಗೆ ಹೋದರು.

ಅವತ್ತು ಸಂಜೆ ಶಹಾಬಾದಿನಲ್ಲಿ ರೈಲಿಳಿದು ರಸ್ತೆಗೆ ಬಂದೆ. ಮಳೆ ಇನ್ನೂ ಇತ್ತು. ಗಣಿಯಿಂದ ಬಂದ ಹೆಂಗಸರು ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು ಬಸ್ಸಿಗಾಗಿ ನಿಂತಿದ್ದರು. ಒಬ್ಬಳ ಚೀಲದೊಳಗಿಂದ ಸಣ್ಣದೊಂದು ಕಾಲು ಹೊರಗೆ ಕಾಣುತ್ತಿತ್ತು. ಬರಿಗಾಲು, ಹಿಮ್ಮಡಿಗೆ ಬಿಳಿ ಕಲ್ಲಿನ ಪುಡಿ. ಅವರು ದಿನವೂ ಅಲ್ಲೇ ನಿಲ್ಲುವವರು, ನಾನು ದಿನವೂ ಅದೇ ದಾರಿಯಲ್ಲಿ ಬರುವವನು. ಮಧ್ಯಾಹ್ನ ಎರಡು ಸಲ 'ಇಲ್ರಿ' ಎಂದದ್ದು ಎಷ್ಟು ಸಲೀಸಾಗಿ ಬಾಯಿಂದ ಬಂದಿತ್ತೆಂದು ಯೋಚಿಸುತ್ತ ನಿಂತೆ. ಆಮೇಲೆ ಛತ್ರಿ ಬಿಚ್ಚಿಕೊಂಡು ಮನೆಗೆ ಹೋದೆ.

ಮುಂದಿನ ಸಂತೆಯ ದಿನ ಸೊಸೆ ಬಂದಳು. ಮುಖದಲ್ಲಿ ನಗುವಿತ್ತು.

"ಅಣ್ಣಾರ, ಮನ್ಯಾಗ ಕಾನೂನು ಬದಲಾಗ್ಯದ. ಇನ್ನ ಮ್ಯಾಲ ಬರೇ ಸುಳ್ಳಂದೇ ತರಬೇಕಂತ. ಖರೇದು ಓದಿದ್ರ ಅತ್ತಿಗಿ ನಿದ್ದಿ ಬರಂಗಿಲ್ಲಂತ."

ಅವಳ ತಾಸು ಉಳಿದಿತ್ತು. ನಾನು ಸಂತೋಷದಿಂದ ಮದುವೆಯಲ್ಲಿ ಮುಗಿಯುವ ಕಾದಂಬರಿಯೊಂದನ್ನು ಹೊಗಳತೊಡಗಿದೆ. ಅವಳು ಕೇಳಿಸಿಕೊಳ್ಳುತ್ತಲೇ ಕೆಳಗಿನ ಸಾಲಿನಿಂದ ತೆಳುವಾದ ಇನ್ನೊಂದನ್ನು ಎಳೆದಳು. ಕಲ್ಲು ಒಡೆಯುವ ಹೆಂಗಸರು ತಮ್ಮ ಬದುಕನ್ನು ತಾವೇ ಹೇಳಿ ಬರೆಸಿದ ಪುಸ್ತಕ. ನಿಂತಲ್ಲೇ ಒಂದೆರಡು ಪುಟ ಓದಿದಳು.

"ಇದು ಖರೇದೇನ್ರಿ?"

"ಖರೇದು."

"ಇದನ್ನೇ ಕಟ್ಟಿ ಕೊಡ್ರಿ. ಕಾದಂಬರಿ ಅಂತ ಹೇಳ್ತೀನಿ."

"ನೋಡ್ರಿ," ಎಂದೆ, "ಇದರಾಗ ಒಬ್ಬಾಕಿ ಕೂಸು ಉಳಿಯಂಗಿಲ್ಲ."

"ಉಳಸ್ತೀನಿ ಬಿಡ್ರಿ," ಎಂದಳು. "ಓದಾಕಿ ನಾನೇ ಅಲ್ಲೇನು?"