ಅಜ್ಜಿ ಅರೆದ ಸೀತಾಫಲದ ಬೀಜ

"ಅಜ್ಜೀ, ಮಂಟ, ಮಂಟ! ಕಣ್ಣು ಉರಿ!" ಎಂದು ಮಗಳು ತೆಲುಗು ಬೆರೆಸಿ ಬಚ್ಚಲಿನಿಂದ ಚೀರಿದಳು. ರಜೆಗೆಂದು ಆಗಷ್ಟೇ ವಿಜಯವಾಡದ ನಮ್ಮ ಮನೆಗೆ ಬಂದು ತಿಂಡಿಗೆ ಕೂತಿದ್ದ ನನ್ನ ಗಂಡ ತಟ್ಟೆ ಬಿಟ್ಟು ಓಡಿದರು. ಹೇನು ಸಾಯಲೆಂದು ಅತ್ತೆ ಅವಳ ತಲೆಗೆ ಸೀತಾಫಲದ ಬೀಜ ಅರೆದು ಹಚ್ಚಿದ್ದರು. ನೀರು ಹಾಕುವಾಗ ಅದು ಹಣೆಯಿಂದ ಕಣ್ಣಿಗೆ ಇಳಿದಿತ್ತು.

ಅತ್ತೆ ಬೆಳಗಾವಿ ಕಡೆಯವರು. ಹಣ್ಣು ತಿಂದಾದ ಮೇಲೆ ಬೀಜ ಎಸೆಯಲು ಬಿಡದೆ ಒಣಗಿಸಿಡುತ್ತಿದ್ದರು. "ನಮ್ಮ ಮನ್ಯಾಗಿನ ಔಷಧ, ಏನೂ ಆಗಂಗಿಲ್ಲ" ಎನ್ನುತ್ತಿದ್ದರು. ಗಂಡ ಇರುವುದು ವಿಶಾಖಪಟ್ಟಣದ ಪರವಾಡದಲ್ಲಿ, ಔಷಧ ಕಂಪನಿಯ ಲ್ಯಾಬಿನಲ್ಲಿ. ಹೇನಿನ ಔಷಧಕ್ಕೆಂದು ಅವರು ಅಲ್ಲಿ ಪರೀಕ್ಷಿಸುವುದೂ ಇದೇ ಬೀಜದ ಸಾರವನ್ನು, ಅದೂ ಕೈಗೆ ಗ್ಲೌಸ್, ಕಣ್ಣಿಗೆ ಗಾಗಲ್ಸ್ ಹಾಕಿಕೊಂಡು.

ಗಂಡ ಮಗಳ ಕಣ್ಣನ್ನು ನಲ್ಲಿಯ ಕೆಳಗೆ ಹಿಡಿದು ಬಹಳ ಹೊತ್ತು ತೊಳೆದರು. ಆಮೇಲೆ ಆಟೋ ಹಿಡಿದು ಗವರ್ನರ್‌ಪೇಟೆಯ ಕಣ್ಣಿನ ಡಾಕ್ಟರ ಬಳಿ ಹೋದೆವು. ಕಣ್ಣಿನ ಮೇಲ್ಪದರ ಸುಟ್ಟಿದೆ, ತಕ್ಷಣ ತೊಳೆದದ್ದರಿಂದ ದೃಷ್ಟಿ ಉಳಿಯಿತು ಎಂದರು ಅವರು.

ಮನೆಗೆ ಬಂದು ಮೊಮ್ಮಗಳು ಮಲಗಿದ ಬಳಿಕ ಅತ್ತೆ, ನಲವತ್ತು ದಾಟಿದ ಮಗನ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಎರಡೂ ಕಣ್ಣನ್ನು ಒಂದೊಂದಾಗಿ ನೋಡಿದರು.

"ನಿನ್ನ ತಲಿಗೂ ಇದನ್ನ ಹಚ್ಚತಿದ್ನಲ್ಲೋ" ಎಂದರು.

ಮಗಳ ಕಣ್ಣು ವಾಸಿಯಾಗಿದೆ. ಸೀತಾಫಲದ ಬೀಜ ಈಗ ನೇರ ಕಸದ ಬುಟ್ಟಿಗೆ ಹೋಗುತ್ತದೆ. ಗಂಡ ಪರವಾಡದಿಂದ ಬಂದಾಗ ಮಾತ್ರ ಅತ್ತೆ, "ಊಟ ಆತೇನು?" ಎಂದು ಕೇಳುವ ಮೊದಲು ಅವರ ಕಣ್ಣು ನೋಡುತ್ತಾರೆ.