ಪಕ್ಕದ ಕುರ್ಚಿಯ ತಾಯಿ

"ನಿಮ್ಮ ಮಗು ಯಾವ ಬೆಡ್‌ನಲ್ಲಿದೆ?" ಎಂದು ಪಕ್ಕದ ಕುರ್ಚಿಯಲ್ಲಿ ಕುಳಿತು ಎದೆಹಾಲು ತೆಗೆಯುತ್ತಿದ್ದ ಹೆಂಗಸನ್ನು ಕೇಳಿದೆ. ಅದು ಹೆಬ್ಬಾಳದ ಆಸ್ಪತ್ರೆಯೊಂದರ ಎದೆಹಾಲಿನ ಬ್ಯಾಂಕ್. ಏಳನೇ ತಿಂಗಳಿಗೇ ಹುಟ್ಟಿದ ನನ್ನ ಮಗಳು ಐಸಿಯುನಲ್ಲಿದ್ದಳು. ಎಷ್ಟು ಪಂಪ್ ಮಾಡಿದರೂ ನನ್ನ ಬಾಟಲಿಯ ತಳವಷ್ಟೇ ಒದ್ದೆಯಾಗುತ್ತಿತ್ತು. ಆಕೆಯದು ಕುತ್ತಿಗೆವರೆಗೂ ತುಂಬಿತ್ತು.

"ನನ್ನ ಕೂಸು ಓಗಿ ಒಂಬತ್ತು ದಿನ ಆಯ್ತಕ್ಕ," ಎಂದಳು. "ಎದೆಗೆ ಅದು ಗೊತ್ತಿಲ್ವಲ್ಲ, ಆಲು ಬತ್ತಾನೇ ಐತೆ. ಮೋರಿಗೆ ಚೆಲ್ಲೋಕೆ ಮನಸ್ಸು ಬರ್ಲಿಲ್ಲ."

ಬಾಣಂತಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹೆಸರಘಟ್ಟದಿಂದ ಎರಡು ಬಸ್ ಹತ್ತಿ ಬಂದಿದ್ದಳು. ಹೋಗುವ ಮುನ್ನ ನನ್ನ ಮಗಳನ್ನು ನೋಡಬಹುದೇ ಎಂದು ಕೇಳಿದಳು. ಕರೆದುಕೊಂಡು ಹೋದೆ. ಗಾಜಿನಾಚೆ, ಅಂಗೈಯಗಲದ ಆ ಜೀವಕ್ಕೆ ನಳಿಕೆಯಲ್ಲಿ ಯಾರೋ ಕೊಟ್ಟ ಹಾಲು ಹನಿಹನಿಯಾಗಿ ಇಳಿಯುತ್ತಿತ್ತು. ಅದು ಮುಗಿಯುವವರೆಗೂ ಆಕೆ ಕಣ್ಣು ಕೀಳದೆ ನಿಂತಳು. "ಕುಡಿಯವ್ವಾ, ಬೇಗ ದೊಡ್ಡೋಳಾಗು," ಎಂದು ಮೆಲ್ಲಗೆ ಹೇಳಿ ಹೊರಟುಹೋದಳು.

ಮಗಳೀಗ ಎಲ್‌ಕೆಜಿಗೆ ಹೋಗುತ್ತಾಳೆ. ಅವಳು ಕುಡಿದ ಹಾಲು ಯಾರ್ಯಾರದೆಂದು ಆಸ್ಪತ್ರೆಯವರು ಹೇಳಲಿಲ್ಲ. ಅಂಥ ಸಂಕಟದಲ್ಲೂ ನನ್ನ ಕೂಸನ್ನು ಹರಸಿದ ಆ ತಾಯಿಯ ಹೆಸರು ಕೇಳುವ ಧೈರ್ಯ ಅಂದು ನನಗಾಗಲಿಲ್ಲ.